ಕುಕಡಿಯ ಕರಿಕಲ್ಲು ನೋಡಿ ಬಂದೆ

ದೋಸ್ತ,

"ನಿಮ್ಮ ಸೊಲ್ಲಾಪುರದ ಕಡೆ ಕಲ್ಲಂದ್ರ ಬರೇ ಕರಿಕಲ್ಲು, ಒಡದು ರಸ್ತೆಗೆ ಹಾಕಾಕಷ್ಟ ಲಾಯಕ್ಕು" ಅಂತ ಹಂಪಿಯ ಬಂಡೆ ಮೇಲೆ ಕೂತು ಕಾಡಿಸಿದ್ದೆಯಲ್ಲ, ಅದಕ್ಕೆ ಉತ್ತರ ಸಿಕ್ಕಿದೆ. ಕುಕಡಿ ನದಿ ದಂಡೆಯ ನಿಘೋಜ ಅನ್ನೋ ಊರಿಗೆ ಹೋಗಿ ಬಂದೆ.

ತಮ್ಮನಿಗೆ ನಾರಾಯಣಗಾವ್ ಕಡೆ ದ್ರಾಕ್ಷಿ ತೋಟ ನೋಡುವುದಿತ್ತು. ಜೀಪು ಅವನದು, ಹಟ ನನ್ನದು. ಪುಣೆ ರಸ್ತೆಯಲ್ಲಿ ಚೌಫುಲಾದವರೆಗೆ ಹೋಗಿ ಶಿರೂರಿಗೆ ಹೊರಳಿದರೆ ನಿಘೋಜ ಹತ್ತಿರವೇ. ಈ ದಂಡೆ ಅಹಿಲ್ಯಾನಗರ (ಹಿಂದಿನ ಅಹಮದನಗರ) ಜಿಲ್ಲೆ, ಆ ದಂಡೆಯ ಟಾಕಳಿ ಹಾಜಿ ಪುಣೆ ಜಿಲ್ಲೆ. ಎರಡೂ ಕಡೆ ಮಳಗಂಗಾದೇವಿಯ ಗುಡಿ, ನಡುವೆ ಕುಕಡಿ ನದಿ.

ದಾರಿಯುದ್ದಕ್ಕೂ ನಮ್ಮ ಕಡೆಯಂಥದೇ ಬಯಲು. ಇಲ್ಲೇನು ನೋಡುವುದಿದೆ ಅಂತ ತಮ್ಮ ಗೊಣಗುತ್ತಲೇ ಇದ್ದ. ದಂಡೆಗೆ ಹೋಗಿ ನಿಂತಾಗ ಸುಮ್ಮನಾದ. ನದಿಯ ನೆಲವೆಲ್ಲ ತೂತು ನೋಡಪಾ! ಮೊಣಕಾಲುದ್ದದವು, ಆಳು ಮುಳುಗುವಂಥವು, ಬಗ್ಗಿ ನೋಡಿದರೂ ತಳ ಕಾಣದವು. ಮರಾಠಿಯಲ್ಲಿ ರಾಂಜಣ ಖಳಗೆ, ಅಂದರೆ ಹರವಿಯಂಥ ತಗ್ಗು, ಅನ್ನುತ್ತಾರೆ. ಅಜ್ಜಿಯ ಕಾಲದ ನೀರಿನ ಹರವಿಯಂತೆ ಕೆಲವಕ್ಕೆ ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಪಕ್ಕಪಕ್ಕದ ಎರಡರ ನಡುವಿನ ಗೋಡೆ ಸವೆದು ಒಡೆದಲ್ಲಿ ಕಲ್ಲಿನ ಕಮಾನು ಉಳಿದಿದೆ, ಅದರಡಿಯಲ್ಲಿ ಹಸಿರು ನೀರು.

ಇದನ್ನು ಕೊರೆದದ್ದು ನೀರೊಂದೇ ಅಲ್ಲ. ಲಾವಾ ತಣಿಯುವಾಗ ಗಾಳಿಗುಳ್ಳೆ ಉಳಿದು ಆದ ತೂತು, ಬಿರುಕು ನಮ್ಮ ಕರಿಕಲ್ಲಿನಲ್ಲಿ, ಅಂದರೆ ಬಸಾಲ್ಟಿನಲ್ಲಿ, ಇದ್ದೇ ಇರುತ್ತವೆ. ಮಹಾಪೂರ ಬಂದಾಗ ಅಂಥದೊಂದು ತಗ್ಗಿಗೆ ಉರುಟುಗಲ್ಲು ಬಿದ್ದರೆ ಸುಳಿ ಅದನ್ನು ಹೊರಗೆ ಬಿಡುವುದಿಲ್ಲ. ಅಲ್ಲೇ ಗರಗರ ತಿರುಗಿಸುತ್ತದೆ. ಕಲ್ಲು ಕಲ್ಲನ್ನು ತಿಂದು, ತಾನೂ ಸವೆದು ಉಸುಕಾಗುತ್ತದೆ; ಮುಂದಿನ ಪೂರಕ್ಕೆ ಇನ್ನೊಂದು ಬರುತ್ತದೆ. ಒಣಗಿದ ಒಂದು ತಗ್ಗಿನ ತಳದಲ್ಲಿ ಆ ಗುಂಡುಗಳು ಇನ್ನೂ ಬಿದ್ದಿದ್ದವು, ಕೈಗೆ ಎಣ್ಣೆ ಹಚ್ಚಿದಷ್ಟು ನುಣುಪು. ಕೆಲಸ ಮುಗಿದಿಲ್ಲ ಅಂತಾಯಿತು.

ನಿನ್ನ ಹಂಪಿಯ ಗ್ರಾನೈಟು ಸುಮಾರು 250 ಕೋಟಿ ವರ್ಷದ್ದು, ಒಪ್ಪುತ್ತೇನೆ, ಹಿರಿಯ. ಈ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಕೂಸು. ಆದರೆ ಹಂಪಿಯ ಬಂಡೆ ಬಿಸಿಲು ಮಳೆಗೆ ಕೂತಲ್ಲೇ ಸವೆದು ದುಂಡಗಾದದ್ದು. ಇಲ್ಲಿ ಕೆತ್ತಿದ ಉಳಿಯೇ ಕಣ್ಣೆದುರು ಸಿಗುತ್ತದೆ. ನನಗೆ ಇದೇ ಹೆಚ್ಚು.

ಮರುದಿನ ನಾರಾಯಣಗಾವ್. ನಮ್ಮ ಮಹಾರಾಷ್ಟ್ರದಲ್ಲಿ ವೈನ್ ಅಂದಕೂಡಲೇ ಎಲ್ಲರೂ ನಾಸಿಕ್ ಅನ್ನುತ್ತಾರೆ. ಆದರೆ ನಾರಾಯಣಗಾವ್‌ನಲ್ಲಿ 1980ರ ದಶಕದಲ್ಲೇ ನೊರೆ ವೈನ್ ಮಾಡುತ್ತಿದ್ದರು. ಸರಕಾರ ದ್ರಾಕ್ಷಿ ಸಂಸ್ಕರಣೆಯ ನೀತಿ ತಂದದ್ದು 2001ರಲ್ಲಿ. ಈಗ ನಮ್ಮದೇ ಸೊಲ್ಲಾಪುರ ಜಿಲ್ಲೆಯ ಅಕಲೂಜ್ ಕಡೆಯೂ ಮಾಡುತ್ತಾರೆ. ವೈನಿನ ದ್ರಾಕ್ಷಿ ನೋಡಿದರೆ ನೀನು ದುಡ್ಡು ಕೊಟ್ಟು ಕೊಳ್ಳಲಾರೆ: ಸಣ್ಣ ಕಾಳು, ದಪ್ಪ ಸಿಪ್ಪೆ, ಒಳಗೆ ಬೀಜ. ತಿನ್ನುವ ದ್ರಾಕ್ಷಿಯಂತೆ ಗೊನೆಯನ್ನು ಜಿ.ಎ. (ಜಿಬ್ಬರೆಲಿಕ್ ಆಮ್ಲ) ದ್ರಾವಣದಲ್ಲಿ ಅದ್ದಿ ಕಾಳು ಉದ್ದ ಮಾಡುವ ಗೋಜಿಲ್ಲ, ಆದರೆ ಸಕ್ಕರೆ 22–24 ಬ್ರಿಕ್ಸ್ (ರಸದ ಸಿಹಿ ಅಳೆಯುವ ಮಾನ) ಬರುವವರೆಗೆ ಬಳ್ಳಿಯಲ್ಲೇ ಬಿಡಬೇಕು. ಆಗ ಅಕಾಲದ ಮಳೆ ಬಂದರೆ ಮುಗಿಯಿತು. ತಮ್ಮ ಲೆಕ್ಕ ಹಾಕಿ, "ಬ್ಯಾಡಪ್ಪಾ, ನಮಗ ಮನೂಕಾನ ಛಲೋ" ಅಂದ. ಮನೂಕಾ ಅಂದರೆ ಒಣದ್ರಾಕ್ಷಿ. ಬಳ್ಳಿ ನಿಂತದ್ದೂ ಅದೇ ಕರಿಕಲ್ಲಿನ ಮೇಲೆಯೇ. ಕಲ್ಲು ಪೂರ್ತಿ ಕರಗಿ ಎರಿಮಣ್ಣಾದಲ್ಲಿ ಬೇರಿಗೆ ನೀರು ನಿಂತು ಕಷ್ಟ, ಅರ್ಧ ಕರಗಿ ಗರಸುಮಣ್ಣಾಗಿ ಉಳಿದಲ್ಲಿ ಬಳ್ಳಿಗೆ ಸುಖ.

ಇನ್ನೊಂದು ಮಾತು. ಕುಕಡಿ ಘೋಡ ನದಿಗೆ ಸೇರುತ್ತದೆ, ಘೋಡ ಭೀಮೆಗೆ. ಆಮೇಲೆ ಉಜನಿ ಅಣೆಕಟ್ಟು, ಪಂಢರಪುರ, ನಮ್ಮೂರ ದಂಡೆ. ಚಿಕ್ಕಂದಿನಲ್ಲಿ ಈಜು ಬಿದ್ದು ಬಾಯಿಗೆ ಹೋದ ಉಸುಕಿನಲ್ಲಿ ನಿಘೋಜದ ಪಾಲೂ ಇದ್ದಿರಬೇಕು.

ಬರುವುದಾದರೆ ಸಂಕ್ರಾಂತಿ ಆದಮೇಲೆ ಬಾ. ಮಳೆಗಾಲದಲ್ಲಿ ಎಲ್ಲ ನೀರಿನಡಿ. ಸಂಕ್ರಾಂತಿ ಆದಮೇಲೂ ಮೇಲಿನ ಯೇಡಗಾವ್ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೋ ಕೇಳಿಕೊಂಡೇ ಹೊರಡೋಣ. ಚಪ್ಪಲಿ ನಡೆಯುವುದಿಲ್ಲ, ಹಿಡಿತವಿರುವ ಬೂಟು ತಾ. ಹುಡುಗರನ್ನು ಕರೆತಂದರೆ ಕೈ ಬಿಡಬೇಡ. ಅಂಚು ಜಾರುತ್ತದೆ, ಬಿದ್ದವನಿಗೆ ಹತ್ತಲು ಹಿಡಿಕೆ ಇಲ್ಲ. ರಜೆ ಗೊತ್ತಾದಕೂಡಲೇ ಫೋನ್ ಮಾಡು, ತಮ್ಮನ ಕಟಾವಿನ ದಿನ ಬಿಟ್ಟು ಜೀಪು ಕೇಳಬೇಕು.

ನಿನ್ನ ದೋಸ್ತ