ಆ ಕಡಿಮೆ ನಂಬರ್ ಬಿಟ್ಟುಬಿಡು ಮಾರಾಯ

ಪ್ರೀತಿಯ ಗೆಳೆಯ,

ನಿನ್ನ ಮೆಸೇಜಿಗೆ ವಾಟ್ಸಾಪಿನಲ್ಲೇ ಉತ್ತರ ಕೊಡಬಹುದಿತ್ತು. ಆದರೆ ಬೆಳಿಗ್ಗೆ ಒಂದು, ರಾತ್ರಿ ಒಂದು ಅಂತ ತೂಕದ ಮಿಷನ್ನಿನ ಫೋಟೊ ಕಳಿಸುವವನಿಗೆ ಎರಡು ಸಾಲು ಸಾಲುವುದಿಲ್ಲ. ನೀನು ಹೂಂ ಅಂದಿದ್ದರಿಂದ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಮ್ಮ ಹಾಗೆ ತೂಕ ಇಳಿಸಲು ಹೊಟ್ಟೆ ಕೊಯ್ಯಿಸಿಕೊಂಡವರು ಹಾಸನ, ಚಿಕ್ಕಮಗಳೂರಲ್ಲಿ ಈಗ ಬೇಕಾದಷ್ಟು ಜನ ಇದ್ದಾರೆ. ಬಾಯಿ ಬಿಟ್ಟು ಹೇಳೋದಿಲ್ಲ, ಅಷ್ಟೆ.

118 ಕೆಜಿ ಇದ್ದವನು ನೀನು, 79ಕ್ಕೆ ಇಳಿದೆ. ಈಗ ಮಿಷನ್ 83 ತೋರಿಸುತ್ತಿದೆ. 'ದುಡ್ಡೆಲ್ಲ ಹೊಳೆಗೆ ಹಾಕಿದ ಹಾಗಾಯ್ತು' ಅಂತ ಬರೆದಿದ್ದೀಯ. ಅತ್ತಿಗೆ ಫೋನ್ ಮಾಡಿ, ಮೂರು ದಿನದಿಂದ ರಾತ್ರಿ ಊಟ ಬಿಟ್ಟಿದ್ದಾನೆ ಅಂದರು. ಮಾರಾಯ, ಮೊದಲು ಊಟ ಮಾಡು. ಆಮೇಲೆ ಓದು.

ಆಪರೇಷನ್ ಆದ ಮೊದಲ ಒಂದು, ಒಂದೂವರೆ ವರ್ಷ ತೂಕ ತಾನಾಗಿ ಇಳಿಯುತ್ತದೆ. ಅದರಲ್ಲಿ ನಮ್ಮ ಪೌರುಷ ಏನೂ ಇಲ್ಲ. ನನ್ನದು ಸ್ಲೀವ್ ಅನ್ನುವ ಆಪರೇಷನ್. ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದು ಬಿಸಾಕುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಆ ಭಾಗದಲ್ಲೇ. ನಿನ್ನದು ಬೈಪಾಸ್. ಹೊಟ್ಟೆಯ ಮೇಲ್ಭಾಗದಲ್ಲಿ ಕೋಳಿಮೊಟ್ಟೆಯಷ್ಟು ಚೀಲ ಮಾಡಿ, ಅದನ್ನು ನೇರ ಕರುಳಿಗೆ ಜೋಡಿಸುತ್ತಾರೆ. ಇಬ್ಬರಿಗೂ ಮೊದಲು ಹಸಿವು ಅನ್ನುವುದೇ ಮರೆತುಹೋಗಿತ್ತು, ಅಲ್ವಾ? ಕಾಲ ಕಳೆದ ಹಾಗೆ ಹೊಟ್ಟೆ ಸ್ವಲ್ಪ ಹಿಗ್ಗುತ್ತದೆ. ಹಸಿವು ವಾಪಸ್ ಬರುತ್ತದೆ. ಮೈಯೂ ಕಡಿಮೆ ಊಟದಲ್ಲೇ ದಿನ ತಳ್ಳುವುದನ್ನು ಕಲಿತುಬಿಡುತ್ತದೆ. ಆದ್ದರಿಂದ ತೂಕ ಒಮ್ಮೆ ತಳ ಮುಟ್ಟಿ, ಅಲ್ಲಿಂದ ಒಂದಿಷ್ಟು ಮೇಲೆ ಬಂದು ನಿಲ್ಲುವುದು ಬಹುಪಾಲು ಎಲ್ಲರಿಗೂ ಆಗುವಂಥದ್ದೇ.

ಸ್ವೀಡನ್ ದೇಶದಲ್ಲಿ 1987ರಿಂದ ಇಂಥವರನ್ನು ಹಿಂಬಾಲಿಸಿದ ಒಂದು ದೊಡ್ಡ ಅಧ್ಯಯನ ಇದೆ. ಅದರಲ್ಲಿ ಎರಡನೇ ವರ್ಷದ ಕೊನೆಗೆ ಸರಾಸರಿ ಶೇ. 23ರಷ್ಟು ತೂಕ ಇಳಿದಿತ್ತು. 10 ವರ್ಷಕ್ಕೆ ಅದು ಶೇ. 17. 20 ವರ್ಷಕ್ಕೆ ಶೇ. 18. ಅಂದರೆ 120 ಕೆಜಿ ಇದ್ದವನು ಎರಡು ವರ್ಷದೊಳಗೆ 92ಕ್ಕೆ ಬಂದು, ಕೊನೆಗೆ 98ರ ಆಸುಪಾಸಿನಲ್ಲಿ ನಿಂತ ಅಂತ ಇಟ್ಟುಕೋ. ಆಗ ಮಾಡುತ್ತಿದ್ದ ಆಪರೇಷನ್‌ಗಳು ಬೇರೆ ಥರದವು, ಸರಿ. ಆದರೆ ಮೇಲೆ ಬಂದು ನಿಲ್ಲುವ ಆ ರೀತಿ ನೋಡು. ಅವರನ್ನೆಲ್ಲ ಸೋತವರು ಅಂತ ಯಾರೂ ಬರೆದಿಲ್ಲ.

ನನ್ನ ಕಥೆ ಕೇಳು. ನಾನು ಒಮ್ಮೆ 76 ಮುಟ್ಟಿದ್ದೆ. ಜನ ನಿಲ್ಲಿಸಿ 'ಏನ್ ಸಾರ್, ಶುಗರ್ರಾ?' ಅಂತ ಕೇಳುತ್ತಿದ್ದರು. ಮಧ್ಯಾಹ್ನದ ಬಿಸಿಲಲ್ಲೂ ಚಳಿ. ಯಾರ ಮನೆಗೆ ಹೋದರೂ ತಟ್ಟೆ ನೋಡಿದರೆ ಭಯ. ಈಗ 82-83ರಲ್ಲಿ ಇದ್ದೇನೆ. ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಿ ಇಳಿದರೂ ಮಂಡಿ ಚಕಾರ ಎತ್ತುವುದಿಲ್ಲ. ಶುಗರ್ ಹದದಲ್ಲಿದೆ. ರಾತ್ರಿ ಗೊರಕೆ ಇಲ್ಲ. ಇದೇ ತೂಕದಲ್ಲಿ ಹಬ್ಬ ಮಾಡಬಹುದು, ನೆಂಟರ ಮನೆಗೆ ಹೋಗಬಹುದು. 76ನ್ನು ಉಳಿಸಿಕೊಳ್ಳಬೇಕು ಅಂದಿದ್ದರೆ ಬದುಕೆಲ್ಲ ಅದಕ್ಕೇ ಕಾವಲು ಕೂರಬೇಕಿತ್ತು. ಅಷ್ಟು ಕಾವಲು ಕೇಳುವ ತೂಕ ನನಗೆ ಬೇಡ. ನಿನಗೂ ಬೇಡ ಅನ್ನುವುದೇ ನನ್ನ ವಾದ.

ಹಾಗಂತ ಕೈಚೆಲ್ಲಿ ಕೂರು ಅನ್ನುತ್ತಿಲ್ಲ. ನಮ್ಮ ಕಡೆಯ ಊಟದಲ್ಲೇ ಕೆಲವು ತಂಟೆಗಳಿವೆ. ಬೆಂಗಳೂರಿನ ಡಯಟೀಷಿಯನ್ ಕೊಟ್ಟ ಚೀಟಿಯಲ್ಲಿ ಅವು ಇರುವುದಿಲ್ಲ.

ಮುದ್ದೆಯನ್ನೇ ತಗೋ. ಮುದ್ದೆ ಅಗಿದರೆ ನಗುವ ಮನೆಯಲ್ಲಿ ಹುಟ್ಟಿದವನು ನಾನು. ಸಾರಲ್ಲಿ ಅದ್ದಬೇಕು, ನುಂಗಬೇಕು. ಡಾಕ್ಟರು ಹೇಳುವುದು ಪ್ರತಿ ತುತ್ತನ್ನೂ ನುಣ್ಣಗಾಗುವ ತನಕ ಅಗಿ ಅಂತ. ಹಳೇ ಅಭ್ಯಾಸದಲ್ಲಿ ದೊಡ್ಡ ತುತ್ತು ನುಂಗಿದರೆ ಎದೆ ನಡುವೆ ಕೂತುಬಿಡುತ್ತದೆ. ಬಾಯಲ್ಲಿ ನೊರೆ ನೊರೆ ಎಂಜಲು. ಎದ್ದು ಹಿತ್ತಲಿಗೆ ಓಡಬೇಕು. ಇನ್ನು ತೆಳ್ಳನೆ ಸಾರು ಜಾಸ್ತಿ ಸುರಿದುಕೊಂಡರೆ ಎಲ್ಲ ಸರಕ್ಕನೆ ಜಾರಿ, ಸ್ವಲ್ಪ ಹೊತ್ತಿಗೆ ಮತ್ತೆ ಹಸಿವು. ನೀರನ್ನು ಊಟದ ಜೊತೆ ಕುಡಿಯಬೇಡ, ಆದ ಮೇಲೂ ಅರ್ಧ ಗಂಟೆ ಬಿಡು ಅನ್ನುವುದು ಇದಕ್ಕೇ.

ರಾಗಿಯ ಮೇಲೆ ನನಗೇನೂ ಕೋಪ ಇಲ್ಲ. ನೂರು ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಪ್ರೋಟೀನ್ ಏಳು ಗ್ರಾಂ ಮಾತ್ರ. ನಮಗೆ ದಿನಕ್ಕೆ 60ರಿಂದ 80 ಗ್ರಾಂ ಬೇಕು. ಈಗಿನ ಹೊಟ್ಟೆಯಲ್ಲಿ ಮೊದಲು ಮುದ್ದೆ ಇಳಿಸಿದರೆ ಬೇರೆಯದಕ್ಕೆ ಜಾಗ ಎಲ್ಲಿ? ನಮ್ಮನೆಯಲ್ಲಿ ಹುರುಳಿ ಬಸ್ಸಾರು ಮಾಡಿದ ದಿನ ನಾನು ಮೊದಲು ಕೈ ಹಾಕುವುದು ಪಲ್ಯಕ್ಕೆ. ಬೇಯಿಸಿದ ಕಟ್ಟು ಬಸಿದು ಸಾರು ಮಾಡುತ್ತೇವೆ, ಕಾಳೆಲ್ಲ ಪಲ್ಯಕ್ಕೆ ಹೋಗುತ್ತದೆ. ಪ್ರೋಟೀನಿನ ಬಹುಪಾಲು ಇರುವುದು ಆ ಕಾಳಲ್ಲಿ. ಅರ್ಧ ಬಟ್ಟಲು ಪಲ್ಯ, ಒಂದು ಬೇಯಿಸಿದ ಮೊಟ್ಟೆ, ಆಮೇಲೆ ನಿಂಬೆಹಣ್ಣಿನಷ್ಟು ಮುದ್ದೆ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಬಂದರೂ ಇದೇ ಕ್ರಮ.

ಬೀಗರ ಊಟದ ವಿಚಾರ ಕೇಳಿದ್ದೀಯ. ಅಲ್ಲಿ ಬಡಿಸುವವರಿಗಿಂತ ಬೆನ್ನ ಹಿಂದೆ ನಿಂತವರ ಕಾಟ ಜಾಸ್ತಿ. ಮುಂದಿನ ಪಂಕ್ತಿಗೆ ಜಾಗ ಹಿಡಿಯಲು ಕುರ್ಚಿ ಹಿಡಿದುಕೊಂಡೇ ನಿಂತಿರುತ್ತಾರೆ. ನಾವು ಅವಸರಕ್ಕೆ ಬಿದ್ದು ಗಬಗಬ ತಿನ್ನುತ್ತೇವೆ. ಅರ್ಧ ಗಂಟೆಯ ಊಟ ಹತ್ತು ನಿಮಿಷಕ್ಕೆ ಮುಗಿದರೆ ಈ ಹೊಟ್ಟೆ ಸುಮ್ಮನಿರುತ್ತದಾ? ನಾನು ಈಗ ಕೊನೇ ಪಂಕ್ತಿಗೇ ಕೂರುವುದು. ಕೈಮ ಉಂಡೆ ಮೊದಲು, ಮೆತ್ತಗಿರುತ್ತದೆ. ಎರಡು ಚಾಪ್ಸ್ ಪೀಸು, ನಿಧಾನಕ್ಕೆ. ಮುದ್ದೆ ಬಂದರೆ ಎಲೆ ಮೇಲೆ ಕೈ ಅಡ್ಡ. 'ಏನಣ್ಣ, ಇಷ್ಟೇನಾ, ಹಾಕಿಸ್ಕೊಳ್ಳಿ' ಅನ್ನುತ್ತಾರೆ. 'ಎರಡನೇ ಸಲ ಬಾರಪ್ಪ' ಅನ್ನುತ್ತೇನೆ. ಅವನು ಬರುವುದರೊಳಗೆ ಎಲೆ ಮಡಚಿರುತ್ತೇನೆ. ಮಾರನೇ ದಿನ ಮಿಷನ್ ಒಂದು ಕೆಜಿ ಜಾಸ್ತಿ ತೋರಿಸಬಹುದು. ಉಪ್ಪು, ನೀರು, ಅಷ್ಟೆ. ವಾರಕ್ಕೆ ಒಂದೇ ಸಲ ಮಿಷನ್ ಹತ್ತು. ಬೆಳಿಗ್ಗೆ, ಪ್ರತಿ ಸಲ ಅದೇ ದಿನ, ಅದೇ ಹೊತ್ತಿಗೆ.

ನಿಜವಾಗಿ ತೂಕ ಏರಿಸುವುದು ಬೀಗರ ಊಟ ಅಲ್ಲ ಅನ್ನುವುದು ನನ್ನ ಅನುಮಾನ. ಅದು ವರ್ಷಕ್ಕೆ ಎಷ್ಟು ಬಂದೀತು? ಸಂಜೆಯ ಖಾರ, ಮಿಕ್ಸ್ಚರು, ಕೋಡುಬಳೆ, ಬಿಸ್ಕತ್ತು, ಇವೇ ಕಳ್ಳರು. ಬಾಯಲ್ಲಿ ಕರಗಿ ಜಾರಿಹೋಗುತ್ತವೆ, ಹೊಟ್ಟೆ ತುಂಬಿತು ಅನ್ನಿಸುವುದೇ ಇಲ್ಲ. ಅಯ್ಯಂಗಾರ್ ಬೇಕರಿಯ ಬೇರು ಇರುವುದೇ ನಮ್ಮ ಹಾಸನದಲ್ಲಿ, ನನ್ನ ಕಷ್ಟ ಏನು ಅಂತ ಊಹಿಸು. ನಿನ್ನ ಕಷ್ಟ ಕಾಫಿ. ತೋಟದ ಕೆಲಸಕ್ಕೆ ನಾಲ್ಕು ಕಡೆ ಓಡಾಡುವವನಿಗೆ ಹೋದ ಮನೆಯಲ್ಲೆಲ್ಲ ಒಂದು ಲೋಟ. ಬೆಲ್ಲದ ಕಾಫಿ ಅಂದ ಮಾತ್ರಕ್ಕೆ ಅದು ಕಷಾಯ ಆಗುವುದಿಲ್ಲ, ಬೆಲ್ಲವೂ ಸಕ್ಕರೆಯ ತಮ್ಮನೇ. ಬೈಪಾಸ್ ಆದವರಿಗೆ ಸಿಹಿ ಜಾಸ್ತಿಯಾದರೆ ಬೆವರು, ಎದೆಬಡಿತ, ಭೇದಿ ಬೇರೆ. ಅರ್ಧ ಲೋಟ, ಸಿಹಿ ಇಲ್ಲದೆ, ಅಂತ ಹೇಳಿ ನೋಡು. ಒಂದು ವಾರ ಬೇಜಾರು ಮಾಡಿಕೊಳ್ಳುತ್ತಾರೆ, ಆಮೇಲೆ ತಾವಾಗಿಯೇ ಹಾಗೆ ತಂದಿಡುತ್ತಾರೆ. ಐರನ್ ಮಾತ್ರೆಯನ್ನಂತೂ ಕಾಫಿಯ ಜೊತೆ ನುಂಗಬೇಡ, ಮೈಗೆ ಸರಿಯಾಗಿ ಹತ್ತುವುದಿಲ್ಲ. ಅದಕ್ಕೂ ಕ್ಯಾಲ್ಸಿಯಂಗೂ ನಡುವೆ ಎರಡು ಗಂಟೆ ಇರಲಿ.

ಎಣ್ಣೆ ಪಾರ್ಟಿ ಬಗ್ಗೆ ಒಂದೇ ಮಾತು: ಈಗ ಅದು ಬೇಗ ತಲೆಗೇರುತ್ತದೆ. ಘಾಟಿಯಲ್ಲಿ ಗಾಡಿ ಓಡಿಸುವವನು ನೀನು.

ಊಟ ಬಿಡುವುದರಿಂದ ಮಾಂಸಖಂಡ ಕರಗುತ್ತದೆ. ಅದು ಕರಗಿದರೆ ಮೈ ಇನ್ನೂ ಕಡಿಮೆ ಉರಿಸುತ್ತದೆ, ತೂಕ ಏರುವುದು ಇನ್ನೂ ಸುಲಭ. ನಾನು ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ ನಡೆಯುತ್ತೇನೆ, ಮನೆಯಲ್ಲಿ ಎರಡು ಡಂಬೆಲ್ ಇವೆ. ನಿನಗೆ ತೋಟದ ಏರು ಇದೆ. ಜೀಪು ಮೇಲೆ ನಿಲ್ಲಿಸದೆ ಕೆಳಗೆ ನಿಲ್ಲಿಸು.

ಯಾವಾಗ ಹೆದರಬೇಕು ಅಂತಲೂ ಹೇಳಿಬಿಡುತ್ತೇನೆ. ತಿಂಗಳಾದ ಮೇಲೆ ತಿಂಗಳು ಮಿಷನ್ ಏರುತ್ತಲೇ ಇದ್ದರೆ, ಮೊದಲಿಗಿಂತ ಎರಡು ಪಟ್ಟು ಊಟ ಸಲೀಸಾಗಿ ಇಳಿಯುತ್ತಿದ್ದರೆ, ಇಳಿದಿದ್ದ ಶುಗರ್ ಮತ್ತೆ ಮೇಲೆ ಬಂದರೆ, ಆಪರೇಷನ್ ಮಾಡಿದ ಡಾಕ್ಟರ ಹತ್ತಿರ ಹೋಗು. ವಾಂತಿ ನಿಲ್ಲದೇ ಇದ್ದರೆ ಅವತ್ತೇ ಹೋಗು, ಕಾಯಬೇಡ. ಬಿ12, ಐರನ್, ವಿಟಮಿನ್ ಡಿ, ಕ್ಯಾಲ್ಸಿಯಂ ಟೆಸ್ಟು ವರ್ಷಕ್ಕೊಮ್ಮೆಯಾದರೂ ಆಗಲೇಬೇಕು. ತೂಕ ಚೆನ್ನಾಗಿದೆ ಅಂತ ಮಾತ್ರೆ ಬಿಟ್ಟವರು ರಕ್ತ ಕಡಿಮೆಯಾಗಿ ಮಲಗಿದ್ದನ್ನು ನೋಡಿದ್ದೇನೆ. ಮೈಕೈ ನೋವಿಗೆ ಮೆಡಿಕಲ್ಲಿನಲ್ಲಿ ಕೇಳಿದ ಮಾತ್ರೆ ನುಂಗುವ ಅಭ್ಯಾಸವನ್ನೂ ಬಿಡು. ಬೈಪಾಸ್ ಆದವರಿಗೆ ಐಬುಪ್ರೊಫೆನ್, ಡೈಕ್ಲೊಫಿನಾಕ್ ಥರದವು ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು.

ಊರವರ ಮಾತಿಗೆ ಏನು ಮಾಡಲಿ ಅಂತ ಕೊನೆಗೆ ಕೇಳಿದ್ದೀಯ. ಸೊರಗಿದಾಗ 'ಯಾಕೋ ಹಿಂಗಾಗಿದ್ದೀಯ' ಅಂದವರೇ ಈಗ 'ಮತ್ತೆ ಬಂತಲ್ಲ' ಅನ್ನುತ್ತಾರೆ. ಅವರಿಗೆ ಮಾತಾಡಲು ಮಳೆ ಇದೆ, ಕಾಫಿ ರೇಟಿದೆ, ನಮ್ಮ ಹೊಟ್ಟೆ ಇದೆ. ಬಿಡು.

ಟೆಸ್ಟಿಗೆ ಹಾಸನಕ್ಕೆ ಬರುತ್ತೀಯಲ್ಲ, ಮಧ್ಯಾಹ್ನ ನಮ್ಮನೆಗೇ ಬಾ. ಬಸ್ಸಾರು ಮಾಡಿಸುತ್ತೇನೆ. ಅತ್ತಿಗೆಯನ್ನೂ ಕರೆದುಕೊಂಡು ಬಾ. ಸ್ವೀಟ್ ಬಾಕ್ಸ್ ತರಬೇಡ, ತರಲೇಬೇಕು ಅಂದರೆ ನಿಮ್ಮ ತೋಟದ ಪುಡಿ ಕಾಲು ಕೆಜಿ ತಾ, ಚಿಕೋರಿ ಹಾಕದ್ದು.

ನಿನ್ನ,
ಹಾಸನದ ಗೆಳೆಯ