ಬೆಕ್ಕಿನಮರಿ ಬರುವ ಮುಂಚೆ ಮಗಳಿಗೊಂದು ಪತ್ರ

ಪುಟ್ಟಿ,

ಅಜ್ಜಿ ಮನೆ ಬೆಕ್ಕು ಮರಿ ಹಾಕಿದೆ ಅಂತ ಗೊತ್ತಾದಾಗಿನಿಂದ ನಿನ್ನದು ಒಂದೇ ಪ್ರಶ್ನೆ, "ಅಮ್ಮಾ, ಯಾವಾಗ ತರೋದು?" ಇನ್ನೂ ಸ್ವಲ್ಪ ಕಾಯಬೇಕು ಕಣೇ. ಮರಿಗೆ 8 ವಾರ ತುಂಬುವವರೆಗಾದರೂ ಅದು ತಾಯಿ ಹತ್ತಿರ ಇರಬೇಕು. ಬರೀ ಹಾಲಿಗಾಗಿ ಅಲ್ಲ. ಮರಿಗಳು ಒಂದರ ಮೇಲೊಂದು ಬಿದ್ದು ಹೊರಳಾಡುತ್ತವಲ್ಲ, ಆಗ ಒಂದು ಜೋರಾಗಿ ಕಚ್ಚಿದರೆ ಇನ್ನೊಂದು ಕಿರುಚಿ ಆಟ ಬಿಟ್ಟು ಹೋಗುತ್ತದೆ, ಹಾಗೆ ಆಡುತ್ತಾ ಆಡುತ್ತಾನೇ ಅವು ಮೆತ್ತಗೆ ಕಚ್ಚೋದನ್ನು ಕಲಿಯುತ್ತವೆ. ಬೇಗ ಕಿತ್ತುಕೊಂಡು ಬಂದರೆ ಆ ಪಾಠ ಅರ್ಧಕ್ಕೇ ನಿಲ್ಲುತ್ತದೆ.

"ಬೆಕ್ಕು ಬೇಕಾದರೆ ಎಲ್ಲಾ ನೀನೇ ನೋಡ್ಕೋಬೇಕು" ಅಂತ ಮಕ್ಕಳಿಗೆ ಷರತ್ತು ಹಾಕುವುದು ನನಗೆ ಸರಿ ಅನ್ನಿಸುವುದಿಲ್ಲ. ನಿನಗೆ ಈಗ 7 ವರ್ಷ. ನೀನು ಮರೆಯುತ್ತೀಯ, ಅದು ತಪ್ಪಲ್ಲ. ಆದರೆ ನೀನು ಮರೆತ ದಿನ ಹಸಿದಿರೋದು ಬೆಕ್ಕು ಅಲ್ವಾ? ಮನೆಯೊಳಗೆ ಬೆಳೆದ ಬೆಕ್ಕು 15 ವರ್ಷ ಬದುಕುವುದು ಅಪರೂಪವೇನಲ್ಲ. ಅಷ್ಟು ಹೊತ್ತಿಗೆ ನಿನಗೆ 22 ಆಗಿ, ಯಾವ ಊರಲ್ಲಿ ಓದುತ್ತಿರುತ್ತೀಯೋ ಏನೋ. ಅದಕ್ಕೇ ಅಪ್ಪ, ನಾನು ಕೂತು ಮಾತಾಡಿ, ಬೆಕ್ಕಿನ ಜವಾಬ್ದಾರಿ ನಮ್ಮದೇ ಅಂತ ಒಪ್ಪಿಕೊಂಡ ಮೇಲೇ ನಿನಗೆ ಹೂಂ ಅಂದಿದ್ದು.

ನಿನಗೂ ಕೆಲಸ ಇದೆ. ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ನೀರಿನ ಬಟ್ಟಲು ತೊಳೆದು ಹೊಸ ನೀರು ತುಂಬಿಸಬೇಕು. ಬೆಕ್ಕು ಕಕ್ಕ, ಉಚ್ಚೆ ಮಾಡುವ ಮರಳಿನ ಟ್ರೇಗೆ ಮಾತ್ರ ಕೈ ಹಾಕಬೇಡ, ಅದನ್ನು ನಾನು ನೋಡಿಕೊಳ್ಳುತ್ತೇನೆ. ಆದರೆ ಬೆಕ್ಕು ಪದೇ ಪದೇ ಟ್ರೇಗೆ ಹೋಗಿ, ಉಚ್ಚೆ ಬಾರದೆ ಕೂಗುವುದು ಕಂಡರೆ ಓಡಿ ಬಂದು ಹೇಳು. ಗಂಡು ಬೆಕ್ಕುಗಳಿಗೆ ಉಚ್ಚೆ ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ.

ಇನ್ನು ಮುದ್ದು ಮಾಡುವ ವಿಷಯ. ಇದನ್ನು ನೀನು ಗಮನ ಕೊಟ್ಟು ಓದಬೇಕು. ಮರಿ ಮನೆಗೆ ಬಂದ ದಿನ ಸೋಫಾ ಕೆಳಗೋ ಬೀರು ಹಿಂದೆಯೋ ಸೇರಿಕೊಳ್ಳುತ್ತದೆ. ಎಳೆಯಬೇಡ, ಪೊರಕೆ ಹಾಕಿ ಓಡಿಸಬೇಡ. ಅಲ್ಲೇ ಸ್ವಲ್ಪ ದೂರದಲ್ಲಿ ಸುಮ್ನೆ ನೆಲದ ಮೇಲೆ ಕೂತಿರು, ಬೇಕಿದ್ದರೆ ಚಿತ್ರ ಬರೆಯುತ್ತಾ ಕೂತಿರು. ಅದು ಹತ್ತಿರ ಬಂದಾಗ ಒಂದು ಬೆರಳು ಮುಂದೆ ಹಿಡಿ. ಮೂಸಿ ನೋಡಿ ಕೆನ್ನೆ ಉಜ್ಜಿದರೆ ಮುಟ್ಟಬಹುದು ಅಂತ ಅರ್ಥ. ಕೆನ್ನೆ, ಗದ್ದ, ಕಿವಿಯ ಬುಡ, ಇಲ್ಲಿ ಸವರಿದರೆ ಬೆಕ್ಕುಗಳಿಗೆ ಇಷ್ಟ. ಹೊಟ್ಟೆ ತೋರಿಸಿ ಮಲಗಿದೆ ಅಂತ ಹೊಟ್ಟೆಗೆ ಕೈ ಹಾಕಬೇಡ, ನಿನ್ನ ಮೇಲೆ ನಂಬಿಕೆ ಇದೆ ಅಂತ ಅದು ಹಾಗೆ ಮಲಗಿದೆ ಅಷ್ಟೇ. ಬಾಲ ಪಟಪಟ ಬಡಿಯಲು ಶುರುವಾದರೆ, ಕಿವಿ ಹಿಂದಕ್ಕೆ ಮಡಚಿದರೆ, ಬೆನ್ನಿನ ಚರ್ಮ ಅದುರಿದರೆ, ಆ ಕ್ಷಣವೇ ಕೈ ತೆಗೆದುಬಿಡು. ಎಷ್ಟೋ ಮನೆಗಳಲ್ಲಿ "ಸುಮ್ಮಸುಮ್ಮನೆ ಪರಚಿತು" ಅಂತಾರೆ, ಆದರೆ ಬೆಕ್ಕು ಅದಕ್ಕೂ ಮುಂಚೆ ಸಾಕಷ್ಟು ಸಲ ಬೇಡ ಅಂದಿರುತ್ತದೆ. ಬಾಲ ಎಳೆಯುವುದು ಆಟ ಅಲ್ಲ. ಬೆನ್ನುಮೂಳೆಯೇ ಮುಂದುವರಿದು ಬಾಲ ಆಗಿರೋದು, ಅದಕ್ಕೆ ತುಂಬಾ ನೋವಾಗುತ್ತದೆ. ಎತ್ತಿಕೊಳ್ಳುವಾಗ ಒಂದು ಕೈ ಎದೆ ಕೆಳಗೆ, ಇನ್ನೊಂದು ಹಿಂಗಾಲುಗಳ ಕೆಳಗೆ. ಕೊಸರಾಡಿದರೆ ಇಳಿಸು.

ಅಪ್ಪಿತಪ್ಪಿ ಪರಚಿದರೆ ಅಥವಾ ಕಚ್ಚಿದರೆ, ಬೈತಾರೆ ಅಂತ ಮುಚ್ಚಿಡಬೇಡ. ನಾನು ಬೈಯುವುದಿಲ್ಲ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಆಮೇಲೆ ಡಾಕ್ಟರ ಹತ್ತಿರ ಹೋಗೋಣ. ರೇಬೀಸ್ ಬೆಕ್ಕಿನಿಂದಲೂ ಬರಬಹುದು, ಬಂದ ಮೇಲೆ ಗುಣ ಆಗದ ಕಾಯಿಲೆ ಅದು. ಮರಿಗೆ ಸುಮಾರು 3 ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸುತ್ತೇವೆ, ಚುಚ್ಚುವಾಗ ನೀನೂ ಪಕ್ಕದಲ್ಲಿರು.

ಊಟದ ಬಗ್ಗೆ. ತೆನಾಲಿ ರಾಮನ ಬೆಕ್ಕು ಹಾಲು ಕಂಡು ಓಡಿದ ಕಥೆ ಕೇಳಿ ನೀನು ಎಷ್ಟು ನಕ್ಕಿದ್ದೆ! ನಿಜ ಹೇಳಬೇಕೆಂದರೆ ಬೆಳೆದ ಬೆಕ್ಕುಗಳಲ್ಲಿ ತುಂಬಾ ಬೆಕ್ಕುಗಳಿಗೆ ಹಸುವಿನ ಹಾಲು ಅರಗುವುದಿಲ್ಲ, ಭೇದಿ ಆಗುತ್ತದೆ. ಮೊಸರನ್ನ ಹಾಕಿ ಸಾಕುತ್ತೇವೆ ಅನ್ನುವವರೂ ಇದ್ದಾರೆ, ಆದರೆ ಬೆಕ್ಕು ಮಾಂಸವನ್ನೇ ನಂಬಿದ ಪ್ರಾಣಿ. ಟೌರಿನ್ ಅನ್ನುವ ಸತ್ವ ಮಾಂಸದಲ್ಲಿದೆ, ಅದು ಸಿಗದಿದ್ದರೆ ಬೆಕ್ಕಿನ ಕಣ್ಣೂ ಹೃದಯವೂ ಕೆಡುತ್ತವೆ. ನಮ್ಮ ಮನೆಯಲ್ಲಿ ಮಾಂಸ ಮಾಡುವುದಿಲ್ಲ, ಹಾಗಾಗಿ ಅದಕ್ಕೆ ಬೆಕ್ಕಿನ ಆಹಾರವನ್ನೇ ತರುತ್ತೇವೆ. ನಿನ್ನ ತಟ್ಟೆಯಿಂದ ಏನೂ ಹಾಕಬೇಡ, ಅದರಲ್ಲೂ ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಬೆಕ್ಕಿಗೆ ವಿಷ. ನಿನಗೆ ಜ್ವರ ಬಂದಾಗ ಕೊಡುವ ಪ್ಯಾರಾಸಿಟಮಾಲ್ ಇದೆಯಲ್ಲ, ಅದರ ಒಂದು ಮಾತ್ರೆ ಸಾಕು ಬೆಕ್ಕಿನ ಜೀವ ತೆಗೆಯೋಕೆ. ಪಾಪ, ಅದಕ್ಕೂ ಜ್ವರ ಅಂತ ನೀನು ಡಾಕ್ಟರ್ ಆಟ ಆಡುವುದು ಬೇಡ.

ಮರಿಗೆ 5-6 ತಿಂಗಳಾದ ಮೇಲೆ ಮರಿ ಆಗದಂತೆ ಆಪರೇಷನ್ ಮಾಡಿಸುತ್ತೇವೆ. ನೀನು ಅಳುತ್ತೀಯ ಅಂತ ಗೊತ್ತು. ಆದರೆ ಬೆಕ್ಕು ಬಸುರಿಯಾಗಿ ಸುಮಾರು 9 ವಾರಕ್ಕೇ ಮರಿ ಹಾಕುತ್ತದೆ, ವರ್ಷಕ್ಕೆ ಎರಡು ಮೂರು ಸಲವೂ ಹಾಕಬಹುದು. ಅಷ್ಟು ಮರಿಗಳಿಗೆ ಮನೆ ಎಲ್ಲಿ ಹುಡುಕೋದು? ಮಾರ್ಕೆಟ್ ಹತ್ತಿರ ರಟ್ಟಿನ ಡಬ್ಬದಲ್ಲಿ ಬಿಟ್ಟು ಹೋಗುತ್ತಾರಲ್ಲ, ಆ ಮರಿಗಳೆಲ್ಲ ಹೀಗೆ ಬಂದವೇ.

ಈ ಭಾನುವಾರ ಬಾಲ್ಕನಿಗೆ ಬಲೆ ಕಟ್ಟಿಸೋಣ, ನಾವಿರೋದು ನಾಲ್ಕನೇ ಮಹಡಿ. ಬಲೆಯವರು ಬಂದಾಗ ಮರಿ ತಲೆ ತೂರುವಷ್ಟು ಸಂದು ಎಲ್ಲೆಲ್ಲಿ ಉಳಿದಿದೆ ಅಂತ ಬಗ್ಗಿ ನೋಡಿ ತೋರಿಸುವ ಕೆಲಸ ನಿನ್ನದು. ಹೆಸರನ್ನೂ ನೀನೇ ಇಡು, ಕರೆಯೋಕೆ ಸುಲಭವಾಗಿರಲಿ.

ಮುತ್ತುಗಳೊಂದಿಗೆ,
ಅಮ್ಮ