ಶನಿವಾರ ನಲಿ-ಕಲಿ ತರಗತಿ ನೋಡಲು ಹೋಗುವ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ

ಎಲ್ಲರಿಗೂ ನಮಸ್ಕಾರ.

ಕೊನೆಕೊಯ್ಲು ಹತ್ತಿರ ಬಂತು. ಅಮ್ಮ ಅಡಿಕೆ ಸುಲಿಯಲು ಕೂತರೆ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವುದು ಅಕ್ಕ, ಅಣ್ಣನಲ್ಲ. ನಲಿ-ಕಲಿ ಎಂದರೆ ಪ್ರತಿ ಮಗುವೂ ಕಾರ್ಡು ಹಿಡಿದು ತನ್ನದೇ ವೇಗದಲ್ಲಿ ಕಲಿಯುವ ಪದ್ಧತಿ. ಅದರಲ್ಲಿ ಹಾಗೆ ಶಾಲೆ ಬಿಟ್ಟು ಮರಳಿ ಬಂದ ಮಗು ತಾನು ನಿಲ್ಲಿಸಿದ ಮೈಲಿಗಲ್ಲಿನಿಂದಲೇ (ಕಲಿಕೆಯ ಹಂತದಿಂದಲೇ) ಮುಂದುವರಿಯಬೇಕು. ಪಾಠ ಮುಂದೆ ಹೋಯಿತೆಂದು ನೇರ ಗುಂಪಿನ ಜೊತೆ ಕೂರಿಸಿದರೆ ಪದ್ಧತಿಯೇ ಕೆಟ್ಟಂತೆ. ಆದ್ದರಿಂದ ಮೊದಲು ಪ್ರಗತಿ ನೋಟ (ಯಾವ ಮಗು ಎಲ್ಲಿವರೆಗೆ ಕಲಿತಿದೆ ಎಂಬ ದಾಖಲೆ) ತೆಗೆಸಿ, ಹಾಜರಿ ಪುಸ್ತಕದ ಪಕ್ಕ ಇಟ್ಟು ನೋಡಿ.

ಇನ್ನೊಂದು ತೊಡಕು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಚುರುಕಾದ ಹುಡುಗಿಯನ್ನು ದಿನವೂ ಚಿಕ್ಕವರಿಗೆ ಹೇಳಿಕೊಡಲು ಕೂರಿಸುತ್ತಾರೆ. ‘ಪುಟ್ಟ ಟೀಚರ್’ ಎಂದು ಹೊಗಳುತ್ತಾರೆ, ಅವಳ ಕಾರ್ಡು ಮಾತ್ರ ಇದ್ದಲ್ಲೇ ಇರುತ್ತದೆ. ಈ ಕೆಲಸ ಹುಡುಗರಿಗೂ ಸರದಿಯಲ್ಲಿ ಬರಲಿ.

ಹಿಂದೆ ಕೂತು 30 ನಿಮಿಷ ಗೀಟು ಹಾಕಿ: ಪ್ರಶ್ನೆ ಯಾರಿಗೆ ಹೋಯಿತು, ಹುಡುಗನಿಗೋ ಹುಡುಗಿಗೋ. ಕೇಳಿದ ಮೇಲೆ ಮೇಷ್ಟ್ರು 3 ಸೆಕೆಂಡಾದರೂ ಕಾಯುತ್ತಾರಾ ನೋಡಿ. ಕಾಯದಿದ್ದರೆ ಕೂಗಿ ಹೇಳುವವರದ್ದೇ ತರಗತಿ. ಗೀಟಿನ ಲೆಕ್ಕ ಮಕ್ಕಳೆದುರು ಹೇಳಬೇಡಿ.

ಕಸ ಗುಡಿಸುವ, ನೀರು ತುಂಬುವ ಪಾಳಿ ಹಾಜರಿ ಸಂಖ್ಯೆಯ ಪ್ರಕಾರ ಗೋಡೆ ಮೇಲೆ ಇರಲಿ. ಬಾಯಿಮಾತಿನ ಪಾಳಿ ಹದಿನೈದು ದಿನಕ್ಕೆ ಹುಡುಗಿಯರ ಪಾಲಾಗುತ್ತದೆ.

ಸಭೆ ಬಗ್ಗೆ: 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಪ್ರಕಾರ ಸಮಿತಿಯಲ್ಲಿ ಶೇ. 50 ಮಹಿಳೆಯರು. ಬೆಳಿಗ್ಗೆ 11ಕ್ಕೆ ಕರೆದರೆ ಅವರು ತೋಟದಲ್ಲಿರುತ್ತಾರೆ, ರುಜು ಮಾತ್ರ ಆಮೇಲೆ ಮನೆಗೆ ಹೋಗಿ ಹಾಕಿಸಿಕೊಳ್ಳುವುದಾಗುತ್ತದೆ. ಯಾವ ಹೊತ್ತು ಅನುಕೂಲವೆಂದು ತಾಯಂದಿರೇ ಇಲ್ಲಿ ಬರೆಯಿರಿ, ಅದನ್ನೇ ಇಡೋಣ.